ಡಬ್ಬ ಯಾರದ್ದು, ರಿಪೇರಿ ಯಾರದ್ದು? ಚಾರ್ಮಾಡಿಯ ಬುಡದಿಂದ ನೋಡಿದ ನೆಟ್‌ವರ್ಕ್ ಚರಿತ್ರೆ

ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ ಇಲ್ಲಿದೆ. ಓದಿಗೆ ಅನುಕೂಲವಾಗಲೆಂದು ಅಲ್ಲಲ್ಲಿ ತುಸು ತಿದ್ದಲಾಗಿದೆ.

ನಾನು ನೆಟ್‌ವರ್ಕ್ ಎಂಜಿನಿಯರ್. ಬ್ಯಾಂಕು, ಆಸ್ಪತ್ರೆ, ಕಾಲೇಜು, ಸಹಕಾರಿ ಸಂಘ ಹೀಗೆ ಎಲ್ಲೆಲ್ಲಿ ಹತ್ತಾರು ಕಂಪ್ಯೂಟರುಗಳು ಒಂದಕ್ಕೊಂದು ಮಾತಾಡಬೇಕೋ ಅಲ್ಲೆಲ್ಲ ನನ್ನಂಥವರ ಕೆಲಸ ಇರುತ್ತೆ. ಎಲ್ಲಿಗೆ ಹೋದರೂ ಮೊದಲು ಬರುವ ಪ್ರಶ್ನೆ ಒಂದೇ. "ಸಾರ್, ಯಾವ ಕಂಪನಿಯದ್ದು ತಗೊಳ್ಳೋದು? ಸಿಸ್ಕೋ ಒಳ್ಳೆಯದಾ, ಜುನಿಪರ್ ಒಳ್ಳೆಯದಾ, ಅಥವಾ ಅರ್ಧ ಬೆಲೆಗೆ ಸಿಗುವ ಇನ್ನೊಂದಾ?"

ಈ ಪ್ರಶ್ನೆ ತಪ್ಪೇನಲ್ಲ. ಆದರೆ ಇದು ಎರಡನೆಯ ಪ್ರಶ್ನೆ. ಮೊದಲನೆಯದು ಬೇರೆ ಉಂಟು: ಆಗಸ್ಟ್ ತಿಂಗಳ ರಾತ್ರಿ, ಕರೆಂಟಿಲ್ಲ, ರಸ್ತೆಯಲ್ಲಿ ಮಣ್ಣು ಬಿದ್ದಿದೆ, ಆಗ ಈ ಡಬ್ಬ ಕೆಟ್ಟರೆ ಸರಿ ಮಾಡುವವರು ಯಾರು? ಅವರು ಎಲ್ಲಿಂದ ಬರಬೇಕು? ಬರುವವರೆಗೆ ಊರಿನ ಕಥೆ ಏನು? ಈ ಪ್ರಶ್ನೆಯನ್ನು ಕೇಳಿದವರು ಯಾರು, ಕೇಳದೇ ಬಿಟ್ಟವರು ಯಾರು ಅಂತ ನೋಡುತ್ತಾ ಹೋದರೆ, ನಮ್ಮ ದೇಶದ ಎಪ್ಪತ್ತೈದು ವರ್ಷಗಳ ದೂರಸಂಪರ್ಕದ ಚರಿತ್ರೆಯೇ ಕಣ್ಣ ಮುಂದೆ ಬರುತ್ತೆ. ಅದರಲ್ಲಿ ದೊಡ್ಡ ಪಾಲು ಕರ್ನಾಟಕದ್ದೇ. ಇವತ್ತು ಅದನ್ನೇ ಹೇಳ್ತೇನೆ.

ಚಾರ್ಮಾಡಿ ಯಾಕೆ?

ಗೊತ್ತಿಲ್ಲದವರಿಗೆ ಹೇಳುವುದಾದರೆ, ಚಾರ್ಮಾಡಿ ಬೆಳ್ತಂಗಡಿ ತಾಲೂಕಿನ ಊರು. ಮಂಗಳೂರಿನಿಂದ ಬೆಳ್ತಂಗಡಿ, ಉಜಿರೆ ದಾಟಿ ಬಂದ ರಾಷ್ಟ್ರೀಯ ಹೆದ್ದಾರಿ 73 ಇಲ್ಲಿಂದ ಘಾಟಿ ಹತ್ತಿ ಕೊಟ್ಟಿಗೆಹಾರದ ಕಡೆ ಹೋಗುತ್ತೆ. ಊರಿನ ಹತ್ತಿರ ಹರಿಯುವ ಮೃತ್ಯುಂಜಯ ಹೊಳೆ ಮುಂದೆ ನೇತ್ರಾವತಿಯನ್ನು ಸೇರುತ್ತೆ. ದಕ್ಷಿಣ ಕನ್ನಡ ಜಿಲ್ಲೆಯ ವಾರ್ಷಿಕ ಸರಾಸರಿ ಮಳೆಯೇ 4,000 ಮಿಲಿಮೀಟರ್ ಆಸುಪಾಸು. ಘಾಟಿಯ ಬುಡದಲ್ಲಿ ಎಷ್ಟು ಸುರಿಯಬಹುದು ಅಂತ ನೀವೇ ಊಹಿಸಿ.

ಕರಾವಳಿಯಿಂದ ಬೆಂಗಳೂರಿನ ಕಡೆ ಹೋಗಲಿಕ್ಕೆ ಒಂದೇ ದಾರಿ ಅಲ್ಲ. ಶಿರಾಡಿ ಉಂಟು, ಚಾರ್ಮಾಡಿ ಉಂಟು, ಸಂಪಾಜೆ ಉಂಟು, ಆಗುಂಬೆ ಉಂಟು. ಕಾಗದದ ಮೇಲೆ ನೋಡಿದರೆ ಒಂದು ಮುಚ್ಚಿದರೆ ಇನ್ನೊಂದು ಇದ್ದೇ ಇದೆ ಅನ್ನುವ ಧೈರ್ಯ. 2018ರ ಆಗಸ್ಟ್‌ನಲ್ಲಿ ಏನಾಯ್ತು? ಶಿರಾಡಿಯಲ್ಲಿ ಗುಡ್ಡ ಕುಸಿಯಿತು. ಅದೇ ದಿನಗಳಲ್ಲಿ ಸಂಪಾಜೆಯಿಂದ ಮಡಿಕೇರಿಗೆ ಹೋಗುವ ರಸ್ತೆ ಜೋಡುಪಾಲ, ಮದೆನಾಡು ಭಾಗದಲ್ಲಿ ಹೋಯಿತು. ಹೊರೆಯೆಲ್ಲ ಚಾರ್ಮಾಡಿಯ ಮೇಲೆ ಬಿತ್ತು. ಮರುವರ್ಷ, 2019ರ ಆಗಸ್ಟ್‌ನಲ್ಲಿ, ಚಾರ್ಮಾಡಿಯೇ ಕುಸಿಯಿತು. ಹೊಳೆ ಮರದ ದಿಮ್ಮಿಗಳನ್ನೂ ಮರಳನ್ನೂ ಹೊತ್ತು ತಂದು ಕೊಳಂಬೆಯಂಥ ಕಡೆ ಮನೆ ತೋಟಗಳ ಮೇಲೆ ಸುರಿಯಿತು. ಘಾಟಿ ರಸ್ತೆ ದೊಡ್ಡ ವಾಹನಗಳಿಗೆ ತಿಂಗಳುಗಟ್ಟಲೆ ಮುಚ್ಚಿತ್ತು.

ನಮ್ಮ ಭಾಷೆಯಲ್ಲಿ ಇದಕ್ಕೆ ರಿಡಂಡೆನ್ಸಿ ಅಂತಾರೆ, ಬದಲಿ ದಾರಿ. ಹೆಸರು ನಾಲ್ಕು ಇದ್ದರೂ ಬೆಟ್ಟ ಒಂದೇ, ಮಳೆ ಒಂದೇ. ಒಂದೇ ಕಾರಣಕ್ಕೆ ಎಲ್ಲವೂ ಒಟ್ಟಿಗೆ ಕೆಡುವುದಾದರೆ ಅದು ಬದಲಿ ದಾರಿ ಅಲ್ಲವೇ ಅಲ್ಲ.

ನಾನು ಕೆಲಸ ಮಾಡಿದ ಒಂದು ಕಡೆ, ಸಂಸ್ಥೆಯ ಹೆಸರು ಬೇಡ, ಎರಡು ಬೇರೆ ಕಂಪನಿಗಳಿಂದ ಎರಡು ಇಂಟರ್‌ನೆಟ್ ಲೈನ್ ತಗೊಂಡಿದ್ದರು. ಎರಡು ಬಿಲ್ಲು, ಎರಡು ರೌಟರು, ಗೋಡೆ ಮೇಲೆ ಚಂದದ ನಕ್ಷೆ. ಒಂದು ಮಧ್ಯಾಹ್ನ ರಸ್ತೆ ಅಗೆಯುತ್ತಿದ್ದ ಜೆಸಿಬಿ ಎರಡನ್ನೂ ಒಂದೇ ಏಟಿಗೆ ಕಡಿಯಿತು. ಆಮೇಲೆ ನೋಡಿದರೆ ಎರಡನೇ ಕಂಪನಿ ಮೊದಲನೆಯದರ ಫೈಬರನ್ನೇ ಬಾಡಿಗೆಗೆ ಪಡೆದು ನಮಗೆ ಮಾರಿತ್ತು! ಎಂತ ಅವಸ್ಥೆ ಮಾರಾಯ್ರೆ. ಅಂದಿನಿಂದ ನಾನು ಲೈನ್ ಮಾರಲಿಕ್ಕೆ ಬಂದವರ ಹತ್ತಿರ ಸ್ಪೀಡ್ ಕೇಳುವ ಮೊದಲು ನಿಮ್ಮ ಕೇಬಲ್ ಯಾವ ರಸ್ತೆಯ ಯಾವ ಬದಿಯಲ್ಲಿ ಬರುತ್ತೆ ಅಂತ ಕೇಳ್ತೇನೆ. ಅರ್ಧದಷ್ಟು ಜನರಿಗೆ ಉತ್ತರ ಗೊತ್ತಿರುವುದಿಲ್ಲ.

ಬೆಲ್ಜಿಯಂನ ಡಬ್ಬ, ಬೆಂಗಳೂರಿನ ಬೆರಳು

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. 1948ರಲ್ಲಿ ಬೆಂಗಳೂರಿನಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಶುರುವಾಯಿತು. ನಾವೆಲ್ಲ ಐಟಿಐ ಅಂತ ಕರೆಯುವ ಕಾರ್ಖಾನೆ, ದೂರವಾಣಿನಗರ ಅನ್ನುವ ಬಡಾವಣೆಗೇ ಹೆಸರು ಕೊಟ್ಟದ್ದು. ಮೊದಲು ಅಲ್ಲಿ ತಯಾರಾಗಿದ್ದು ಬ್ರಿಟಿಷ್ ತಂತ್ರಜ್ಞಾನದ ಸ್ಟ್ರೋಜರ್ ಎಕ್ಸ್‌ಚೇಂಜ್. ನೀವು ಡಯಲ್ ತಿರುಗಿಸಿದ ಹಾಗೆ ಎಕ್ಸ್‌ಚೇಂಜಿನೊಳಗೆ ಒಂದು ಯಂತ್ರದ ಕೈ ಟಕ್ ಟಕ್ ಅಂತ ಮೇಲೇರಿ, ಪಕ್ಕಕ್ಕೆ ತಿರುಗಿ, ನಿಮ್ಮ ಲೈನನ್ನು ಜೋಡಿಸುತ್ತಿತ್ತು. ನಿಧಾನ, ಸವೆತ ಜಾಸ್ತಿ, ಆದರೆ ಒಂದು ಕೈ ಕೆಟ್ಟರೆ ಆ ಒಂದು ಕರೆ ಮಾತ್ರ ಕೆಡುತ್ತಿತ್ತು.

1964ರಲ್ಲಿ ಹೊಸ ತಲೆಮಾರಿನ ಕ್ರಾಸ್‌ಬಾರ್ ಎಕ್ಸ್‌ಚೇಂಜಿಗೆ ಬೆಲ್ಜಿಯಂನ ಬೆಲ್ ಟೆಲಿಫೋನ್ ಕಂಪನಿಯ ಜೊತೆ ಒಪ್ಪಂದವಾಯಿತು. ಆ ಯಂತ್ರದ ಹೆಸರು ಪೆಂಟಕೊಂಟಾ. ಯುರೋಪಿನಲ್ಲಿ ಚೆನ್ನಾಗಿ ಓಡುತ್ತಿದ್ದ ಯಂತ್ರ. ನಮ್ಮಲ್ಲಿ ತಂದು ಕೂರಿಸಿದರೆ ಉಸಿರು ಕಟ್ಟಿತು.

ಕಾರಣ ಸರಳ. ಕ್ರಾಸ್‌ಬಾರ್‌ನಲ್ಲಿ ಪ್ರತಿ ಕರೆಗೂ ಪ್ರತ್ಯೇಕ ಕೈ ಇಲ್ಲ. ಎಲ್ಲ ಕರೆಗಳನ್ನು ಜೋಡಿಸಲಿಕ್ಕೆ ಕೆಲವೇ ನಿಯಂತ್ರಕಗಳು, ಎಲ್ಲರೂ ಹಂಚಿಕೊಳ್ಳಬೇಕು. ಯುರೋಪಿನ ಒಂದು ಮನೆಗೆ ಒಂದು ಫೋನು, ದಿನಕ್ಕೆ ಕೆಲವು ಕರೆ. ಇಲ್ಲಿ ಒಂದು ಫೋನಿಗೆ ಇಡೀ ಬೀದಿ. ಅಂಗಡಿಯ ಫೋನಿನಲ್ಲಿ ಬೆಳಗ್ಗಿಂದ ರಾತ್ರಿವರೆಗೆ ಯಾರೋ ಒಬ್ಬರು ಡಯಲ್ ಮಾಡುತ್ತಲೇ ಇರುತ್ತಿದ್ದರು. ಆ ಕಡೆಯ ಲೈನ್ ಬಿಡುವಿಲ್ಲ ಅಂತ ಬಂದರೆ ಮತ್ತೆ ಡಯಲ್, ಮತ್ತೆ ಡಯಲ್. ಪ್ರತಿ ಪ್ರಯತ್ನವೂ ನಿಯಂತ್ರಕದ ಸಮಯ ತಿನ್ನುತ್ತೆ. ಮಾತಾಡಿದವರು ಕಡಿಮೆ, ಪ್ರಯತ್ನಿಸಿದವರು ಜಾಸ್ತಿ, ಎಕ್ಸ್‌ಚೇಂಜ್ ಪೂರ್ತಿ ಜಾಮ್. ಕೊನೆಗೆ ನಮ್ಮದೇ ಎಂಜಿನಿಯರುಗಳು ಕೂತು ಅದನ್ನು ನಮ್ಮ ಹೊರೆಗೆ ತಕ್ಕ ಹಾಗೆ ಮತ್ತೆ ವಿನ್ಯಾಸ ಮಾಡಬೇಕಾಯ್ತು. ಇಂಡಿಯನ್ ಕ್ರಾಸ್‌ಬಾರ್ ಅಂತಲೇ ಅದಕ್ಕೊಂದು ಯೋಜನೆ ಬಂತು.

ಈ ಕಥೆ ಹಳೆಯದು ಅಂತ ನಗಬೇಡಿ. ಇವತ್ತು ಫೈರ್‌ವಾಲ್ ಮಾರುವವರ ಕರಪತ್ರ ತೆಗೆದು ನೋಡಿ. ಸೆಕೆಂಡಿಗೆ ಹತ್ತು ಗಿಗಾಬಿಟ್ ಅಂತ ದಪ್ಪ ಅಕ್ಷರದಲ್ಲಿ ಬರೆದಿರುತ್ತೆ. ಅದು ಎಲ್ಲ ತಪಾಸಣೆಗಳನ್ನು ಆರಿಸಿ, ದೊಡ್ಡ ದೊಡ್ಡ ಪ್ಯಾಕೆಟ್‌ಗಳನ್ನು ಮಾತ್ರ ಹಾಯಿಸಿ ಅಳೆದ ಲೆಕ್ಕ. ವೈರಸ್ ತಪಾಸಣೆ, ಗೂಢಲಿಪಿ ಬಿಡಿಸಿ ನೋಡುವುದು, ಇದನ್ನೆಲ್ಲ ಆನ್ ಮಾಡಿದರೆ ಆ ಹತ್ತು ಎಷ್ಟಕ್ಕೆ ಇಳಿಯುತ್ತೆ ಅಂತ ಕೊನೆಯ ಪುಟದ ಸಣ್ಣ ಅಕ್ಷರದಲ್ಲಿ ಹುಡುಕಬೇಕು. ಪೆಂಟಕೊಂಟಾ ಕೆಟ್ಟ ಯಂತ್ರವಾಗಿರಲಿಲ್ಲ. ಅದನ್ನು ಅಳೆದ ಊರು ನಮ್ಮದಾಗಿರಲಿಲ್ಲ, ಅಷ್ಟೇ.

ಕಿತ್ತೂರಿನಲ್ಲಿ ಏಸಿ ಇಲ್ಲದ ಎಕ್ಸ್‌ಚೇಂಜು

1980ರ ದಶಕದ ಆರಂಭದಲ್ಲಿ ಹಳ್ಳಿಯಿಂದ ದೂರದ ಊರಿಗೆ ಫೋನ್ ಮಾಡುವುದೆಂದರೆ ಟ್ರಂಕ್ ಕಾಲ್ ಬುಕ್ ಮಾಡಿ ಕಾಯುವುದು. ತುರ್ತಾದರೆ ಅರ್ಜೆಂಟ್ ಕಾಲ್, ಇನ್ನೂ ತುರ್ತಾದರೆ ಲೈಟ್ನಿಂಗ್ ಕಾಲ್, ಹಲವು ಪಟ್ಟು ದುಡ್ಡು. ಸರ್ಕಾರದ ಮುಂದೆ ಆಗ ಎರಡು ದಾರಿ. ಫ್ರಾನ್ಸಿನ ಸಿಐಟಿ ಅಲ್ಕಾಟೆಲ್ ಜೊತೆ ಡಿಜಿಟಲ್ ಎಕ್ಸ್‌ಚೇಂಜಿಗೆ 1982ರಲ್ಲಿ ಒಪ್ಪಂದವಾಗಿ, ಉತ್ತರ ಪ್ರದೇಶದ ಮನಕಾಪುರದಲ್ಲಿ ಐಟಿಐ ಕಾರ್ಖಾನೆ ಏಳತೊಡಗಿತ್ತು. ಇನ್ನೊಂದು ದಾರಿ, ನಾವೇ ಮಾಡುವುದು. ಅದಕ್ಕಾಗಿ 1984ರ ಆಗಸ್ಟ್‌ನಲ್ಲಿ ಸಿ-ಡಾಟ್ ಹುಟ್ಟಿತು. ಸ್ಯಾಮ್ ಪಿತ್ರೋಡಾ ಅದರ ಹಿಂದಿನ ಶಕ್ತಿ. 36 ತಿಂಗಳು, 36 ಕೋಟಿ ರೂಪಾಯಿ ಅನ್ನುವುದು ಅವರ ಘೋಷಣೆ.

1986ರ ಜುಲೈಯಲ್ಲಿ ಸಿ-ಡಾಟ್‌ನ ಮೊದಲ ಗ್ರಾಮೀಣ ಸ್ವಯಂಚಾಲಿತ ಎಕ್ಸ್‌ಚೇಂಜ್ ನಮ್ಮ ಕಿತ್ತೂರಿನಲ್ಲಿ ಶುರುವಾಯಿತು. ರಾಣಿ ಚೆನ್ನಮ್ಮನ ಕಿತ್ತೂರು. 128 ಪೋರ್ಟಿನ ಸಣ್ಣ ಪೆಟ್ಟಿಗೆ. ಮಹಾನಗರದವರು ನೋಡಿದರೆ ಇಷ್ಟೇನಾ ಅನ್ನುವಷ್ಟು ಸಣ್ಣದು.

ನನ್ನಂಥವನಿಗೆ ಅದರಲ್ಲಿ ಕಾಣುವುದು ಬೇರೆ. ವಿದೇಶಿ ಡಿಜಿಟಲ್ ಎಕ್ಸ್‌ಚೇಂಜ್‌ಗಳಿಗೆ ಹವಾನಿಯಂತ್ರಿತ ಕೋಣೆ ಬೇಕಿತ್ತು. ಇದಕ್ಕೆ ಬೇಡ. ಬಿಸಿಯಾದ ಗಾಳಿ ತಾನಾಗಿ ಮೇಲೆ ಹೋಗಿ ತಂಪಾಗುವ ಹಾಗೆ ಪೆಟ್ಟಿಗೆ ಕಟ್ಟಿದ್ದರು. ಧೂಳು, ಸೆಕೆ, ವೋಲ್ಟೇಜಿನ ಏರಿಳಿತ ಇದ್ದೇ ಇರುತ್ತೆ ಅಂತ ಒಪ್ಪಿಕೊಂಡೇ ವಿನ್ಯಾಸ ಶುರು ಮಾಡಿದ್ದರು. ಕೆಟ್ಟರೆ ತಜ್ಞ ಬರಬೇಕಿಲ್ಲ. ಕೆಟ್ಟ ಕಾರ್ಡ್ ಯಾವುದು ಅಂತ ಯಂತ್ರವೇ ತೋರಿಸುತ್ತೆ, ಅದನ್ನು ಎಳೆದು ಇನ್ನೊಂದು ಹಾಕಿದರೆ ಆಯ್ತು. ಇನ್ನೂ ಮುಖ್ಯವಾದದ್ದು, ವಿನ್ಯಾಸವನ್ನು ಒಂದೇ ಕಂಪನಿಯ ಕೈಗೆ ಕೊಡಲಿಲ್ಲ. ಸರ್ಕಾರಿ, ಖಾಸಗಿ ಅಂತ ಹಲವು ತಯಾರಕರಿಗೆ ಲೈಸೆನ್ಸ್ ಕೊಟ್ಟರು. ಒಬ್ಬರು ಕೈಕೊಟ್ಟರೆ ಇನ್ನೊಬ್ಬರಿಂದ ಕಾರ್ಡ್ ಸಿಗುತ್ತಿತ್ತು.

ಎಸ್‌ಟಿಡಿ ಬೂತ್ ಅಂತ ಹಳದಿ ಬೋರ್ಡು ಸಣ್ಣ ಸಣ್ಣ ಪೇಟೆಗಳಲ್ಲಿ ಮೂಡಿದ್ದು, ಮುಂಬೈಯಲ್ಲಿ ಹೋಟೆಲ್ ಕೆಲಸಕ್ಕಿದ್ದ ಮಗನ ಜೊತೆ ತಾಯಿ ರಾತ್ರಿ ಕಡಿಮೆ ದರಕ್ಕೆ ಕಾದು ಮಾತಾಡಿದ್ದು, ಇದೆಲ್ಲ ಆ ಕಾಲದ ನಿರ್ಧಾರಗಳ ಫಲ. ಸಿ-ಡಾಟ್ ಎಲ್ಲದರಲ್ಲೂ ಗೆದ್ದಿತು ಅಂತ ನಾನು ಹೇಳುವುದಿಲ್ಲ. ಮಹಾನಗರಕ್ಕೆ ಬೇಕಾದ ದೊಡ್ಡ ಎಕ್ಸ್‌ಚೇಂಜ್ ಹೇಳಿದ ವೇಳೆಗೆ ಬರಲಿಲ್ಲ. 1990ರ ದಶಕದಲ್ಲಿ ಸೀಮೆನ್ಸ್, ಎರಿಕ್ಸನ್ ಯಂತ್ರಗಳು ಆ ಜಾಗಕ್ಕೆ ಬಂದವು. ಆದರೆ ಹಳ್ಳಿಯ ಎಕ್ಸ್‌ಚೇಂಜಿನ ವಿಷಯದಲ್ಲಿ ಅವರು ಮೊದಲು ಕೇಳಿದ ಪ್ರಶ್ನೆ ಸರಿಯಾಗಿತ್ತು: ಇದು ಎಲ್ಲಿ ಕೂರುತ್ತೆ, ಇದನ್ನು ಯಾರು ನೋಡಿಕೊಳ್ಳುತ್ತಾರೆ?

ಕರಾವಳಿಯ ಬ್ಯಾಂಕುಗಳು, ಒಂದು ಸಾಫ್ಟ್‌ವೇರ್ ಪಟ್ಟಿ

ಈಗ ನಮ್ಮ ಜಿಲ್ಲೆಗೆ ಬರೋಣ. ಅವಿಭಜಿತ ದಕ್ಷಿಣ ಕನ್ನಡ ಬ್ಯಾಂಕುಗಳ ತವರು ಅಂತ ಎಲ್ಲರಿಗೂ ಗೊತ್ತು. 1906ರಲ್ಲಿ ಮಂಗಳೂರಿನಲ್ಲಿ ಕೆನರಾ, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಶನ್, 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ ಬ್ಯಾಂಕ್. ಐದಕ್ಕೆ ಐದೂ ಕಾಲು ಶತಮಾನದೊಳಗೆ.

ಈ ಬ್ಯಾಂಕುಗಳು ಕಂಪ್ಯೂಟರ್ ಕಂಡದ್ದು ಹಂತ ಹಂತವಾಗಿ. 1980ರ ದಶಕದಲ್ಲಿ ಸಿ. ರಂಗರಾಜನ್ ಸಮಿತಿಯ ವರದಿಗಳು ಬಂದವು. ಲೆಡ್ಜರ್ ಬರೆಯುವ ಯಂತ್ರಗಳು ಬಂದವು, ಕೆಲಸ ಹೋಗುತ್ತೆ ಅಂತ ನೌಕರರ ವಿರೋಧವೂ ಬಂತು. ಆಮೇಲೆ ಒಂದೊಂದು ಶಾಖೆಗೆ ಒಂದೊಂದು ಸರ್ವರ್. ನಿಮ್ಮ ಖಾತೆ ಬೆಳ್ತಂಗಡಿಯಲ್ಲಿದ್ದರೆ ಅದು ಬೆಳ್ತಂಗಡಿಯ ಡಬ್ಬದೊಳಗೆ ಮಾತ್ರ. 2000ದ ನಂತರ ಬಂದದ್ದು ಕೋರ್ ಬ್ಯಾಂಕಿಂಗ್. ಎಲ್ಲ ಖಾತೆ ಒಂದೇ ದೊಡ್ಡ ಸರ್ವರಿನಲ್ಲಿ, ಶಾಖೆಯಲ್ಲಿ ಬರೀ ಪರದೆ. ಕರ್ಣಾಟಕ ಬ್ಯಾಂಕ್ ಇನ್ಫೋಸಿಸ್‌ನ ಫಿನಾಕಲ್ ಹಾಕಿಕೊಂಡು ಮನಿಪ್ಲಾಂಟ್ ಅಂತ ಹೆಸರಿಟ್ಟು, ಈ ದಾರಿಗೆ ಬೇಗ ಇಳಿದವರಲ್ಲಿ ಒಂದಾಯಿತು.

ಇಲ್ಲಿ ಗಮನಿಸಿ. ಆಗ ಪ್ರತಿ ಬ್ಯಾಂಕಿನ ಆಡಳಿತ ಮಂಡಳಿ ಒಂದು ಕೋಣೆಯಲ್ಲಿ ಕೂತು ಸಾಫ್ಟ್‌ವೇರ್ ಆರಿಸಿತು. ಕೆನರಾ, ಸಿಂಡಿಕೇಟ್ ಎರಡೂ ಐ-ಫ್ಲೆಕ್ಸ್‌ನ ಫ್ಲೆಕ್ಸ್‌ಕ್ಯೂಬ್ ಕಡೆ ಹೋದವು. ವಿಜಯಾ ಮತ್ತು ಕಾರ್ಪೊರೇಶನ್ ಫಿನಾಕಲ್ ಕಡೆ. ಬೆಲೆ, ತಾಂತ್ರಿಕ ಅಂಕ, ಸೇವೆ ಅಂತ ಎಲ್ಲ ಟೆಂಡರಿನಲ್ಲಿರುವ ಲೆಕ್ಕಾಚಾರ. ಯಾರ ತಲೆಯಲ್ಲೂ ವಿಲೀನ ಅನ್ನುವ ಶಬ್ದ ಇದ್ದಿರಲಿಕ್ಕಿಲ್ಲ.

2019ರ ಏಪ್ರಿಲ್ 1ಕ್ಕೆ ವಿಜಯಾ ಬ್ಯಾಂಕ್ ಫಿನಾಕಲ್ ಬಳಸುತ್ತಿದ್ದ ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿತು. ಅದೇ ವರ್ಷ ಆಗಸ್ಟ್ 30ರಂದು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಮತ್ತಷ್ಟು ವಿಲೀನಗಳನ್ನು ಘೋಷಿಸಿದರು. ಕೆನರಾ ಜೊತೆ ಸಿಂಡಿಕೇಟ್, ಯೂನಿಯನ್ ಬ್ಯಾಂಕಿನ ಜೊತೆ ಆಂಧ್ರ ಮತ್ತು ಕಾರ್ಪೊರೇಶನ್. ಈ ಜೋಡಿಗಳಿಗೆ ಕೊಟ್ಟ ಕಾರಣಗಳ ಪೈಕಿ ಒಂದು, ಇವು ಒಂದೇ ಕೋರ್ ಬ್ಯಾಂಕಿಂಗ್ ವ್ಯವಸ್ಥೆ ಬಳಸುತ್ತವೆ ಅನ್ನುವುದು. ಸ್ವಲ್ಪ ನಿಂತು ಯೋಚಿಸಿ. ವರ್ಷಗಳ ಹಿಂದೆ ಐಟಿ ವಿಭಾಗದವರು ತುಂಬಿದ ಅಂಕಪಟ್ಟಿ, ತೊಂಬತ್ತು ವರ್ಷ ದಾಟಿದ ಬ್ಯಾಂಕು ಯಾವ ಮನೆಗೆ ಸೊಸೆಯಾಗಿ ಹೋಗಬೇಕು ಅಂತ ನಿರ್ಧರಿಸುವಾಗ ಜಾತಕದ ಹಾಗೆ ಹೊರಗೆ ಬಂತು.

ಅದು ಒಳ್ಳೆಯದಾಯಿತೋ ಕೆಟ್ಟದಾಯಿತೋ ಅನ್ನುವುದು ಬೇರೆ ಚರ್ಚೆ. ಕರಾವಳಿಯವರಿಗೆ ಆ ಹೆಸರುಗಳು ಹೋದ ಬೇಸರ ಇನ್ನೂ ಇದೆ. ತಾಂತ್ರಿಕವಾಗಿ ನೋಡಿದರೆ, ಒಂದೇ ವ್ಯವಸ್ಥೆ ಇದ್ದುದರಿಂದ ಕೋಟ್ಯಂತರ ಖಾತೆಗಳ ಸ್ಥಳಾಂತರ ಸುಲಭವಾಯಿತು ಅಂತಲೇ ಹೇಳಬೇಕು. ಸುಲಭ ಅಂದರೂ ಪಾಸ್‌ಬುಕ್ ಬದಲಾಯಿತು, ಚೆಕ್ ಬದಲಾಯಿತು, ಸಿಂಡಿಕೇಟಿನ ಹಳೆಯ ಐಎಫ್‌ಎಸ್‌ಸಿ ಕೋಡ್ 2021ರ ಜುಲೈ 1ರಿಂದ ನಿಂತಿತು. ಹಾಲಿನ ದುಡ್ಡು, ಅಡಿಕೆ ದುಡ್ಡು, ವೃದ್ಧಾಪ್ಯ ವೇತನ ಯಾವ ಖಾತೆಗೆ ಬರುತ್ತೆ ಅಂತ ವಯಸ್ಸಾದವರು ಶಾಖೆಗೆ ಅಲೆದದ್ದನ್ನು ನಾವೆಲ್ಲ ನೋಡಿದ್ದೇವೆ. ವೆಂಡರ್ ಆಯ್ಕೆ ಅಂದರೆ ಐಟಿ ವಿಭಾಗದ ಒಳಗಿನ ವಿಷಯ ಅನ್ನುವವರಿಗೆ ನಾನು ಈ ಕಥೆ ಹೇಳ್ತೇನೆ.

ಮಳೆ ಬಂದರೆ ಹೋಗುವ ಸಿಗ್ನಲ್

ಕೋರ್ ಬ್ಯಾಂಕಿಂಗ್ ಬಂದ ಮೇಲೆ ಶಾಖೆಯ ಪ್ರಾಣ ಲೈನಿನಲ್ಲಿ. ಲೈನ್ ಹೋದರೆ ಕೌಂಟರ್ ಬಂದ್. ಫೈಬರ್ ಇಲ್ಲದ ಕಡೆ ಮಾಳಿಗೆ ಮೇಲೆ ತಟ್ಟೆ ಇಟ್ಟು ಉಪಗ್ರಹದ ಮೂಲಕ ಸಂಪರ್ಕ, ಅದಕ್ಕೆ ವಿ-ಸ್ಯಾಟ್ ಅಂತಾರೆ. ಇದರಲ್ಲಿ ಬೇರೆ ಬೇರೆ ತರಂಗಾಂತರ ಉಂಟು. ಕೆಯು-ಬ್ಯಾಂಡಿನಲ್ಲಿ ತಟ್ಟೆ ಸಣ್ಣದು, ಖರ್ಚು ಕಡಿಮೆ. ಸಿ-ಬ್ಯಾಂಡಿನಲ್ಲಿ ತಟ್ಟೆ ದೊಡ್ಡದು, ಖರ್ಚು ಜಾಸ್ತಿ. ಆದರೆ ಕೆಯು-ಬ್ಯಾಂಡಿನ ಅಲೆ ಗಿಡ್ಡ. ಮಳೆಯ ದಪ್ಪ ಹನಿಗಳು ಅದನ್ನು ಹೀರಿಕೊಳ್ಳುತ್ತವೆ, ಚದುರಿಸುತ್ತವೆ. ಬೀದರಿನಲ್ಲಿ ಕೆಯು-ಬ್ಯಾಂಡ್ ಹಾಕಿದರೆ ವರ್ಷದಲ್ಲಿ ಕೆಲವು ಗಂಟೆ ತೊಂದರೆಯಾದೀತು. ಸಹ್ಯಾದ್ರಿಯ ಬುಡದಲ್ಲಿ ಅದೇ ತಟ್ಟೆ ಜೂನ್ ಬಂದರೆ ನಿಮಗೆ ನೆಟ್‌ವರ್ಕಿಗಿಂತ ಹೆಚ್ಚು ತಾಳ್ಮೆ ಕಲಿಸುತ್ತೆ. ರಾಜ್ಯಕ್ಕೆಲ್ಲ ಒಂದೇ ಟೆಂಡರ್, ಒಂದೇ ಮಾದರಿ ಅಂತ ಕೊಳ್ಳುವವರು ಮಳೆಯ ನಕ್ಷೆಯನ್ನು ಮೇಜಿನ ಮೇಲೆ ಇಟ್ಟುಕೊಳ್ಳಬೇಕು.

ಫೈಬರ್ ಬಂದರೆ ಇದೆಲ್ಲ ಮುಗಿಯಿತಾ? 2011ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಎಳೆಯುವ ಯೋಜನೆ ಒಪ್ಪಿತು. ಮುಂದೆ ಅದಕ್ಕೆ ಭಾರತ್‌ನೆಟ್ ಅಂತ ಹೆಸರಾಯಿತು. ಖರ್ಚು ಉಳಿಸಲಿಕ್ಕೆ ಬಿಎಸ್‌ಎನ್‌ಎಲ್‌ನ ಇದ್ದ ಫೈಬರನ್ನೇ ಬಳಸಿ, ಅದು ಮುಗಿದ ಜಾಗದಿಂದ ಪಂಚಾಯಿತಿವರೆಗೆ ಹೊಸದನ್ನು ಎಳೆದರು. ಅಂದರೆ ಒಂದೇ ಗೆರೆ. ಮರದ ಕೊಂಬೆಯ ಹಾಗೆ. ಬುಡದಲ್ಲಿ ಕಡಿದರೆ ತುದಿಯವರೆಗೆ ಎಲ್ಲರಿಗೂ ಹೋಯಿತು. ಜಾಲವನ್ನು ಕಟ್ಟಿದ ಖರ್ಚಿನ ಲೆಕ್ಕ ಇತ್ತು, ಕಡಿದಾಗ ಯಾರು ಎಷ್ಟು ಗಂಟೆಯಲ್ಲಿ ಜೋಡಿಸಬೇಕು ಅನ್ನುವ ಹೊಣೆಗಾರಿಕೆ ಸಡಿಲವಾಗಿತ್ತು. ಹೊಸ ಪೆಟ್ಟಿಗೆ ಇದ್ದೂ ದೀಪ ಉರಿಯದ ಪಂಚಾಯಿತಿ ಕಚೇರಿಗಳನ್ನು ನಾನೇ ಕಂಡಿದ್ದೇನೆ.

2023ರ ಆಗಸ್ಟ್‌ನಲ್ಲಿ ಯೋಜನೆಗೆ ಹೊಸ ರೂಪ ಕೊಟ್ಟರು, 1,39,579 ಕೋಟಿ ರೂಪಾಯಿಯದ್ದು. ಅದರ ಮುಖ್ಯ ಬದಲಾವಣೆ ಏನು ಗೊತ್ತಾ? ಗೆರೆಯ ಬದಲು ಉಂಗುರ. ಒಂದು ಕಡೆ ಕಡಿದರೆ ಇನ್ನೊಂದು ಕಡೆಯಿಂದ ಸುತ್ತಿ ಬರುವ ಹಾಗೆ. ಇದು ಹೊಸ ಜ್ಞಾನವೇನೂ ಅಲ್ಲ. ಫೈಬರ್ ಉಂಗುರ 1990ರ ದಶಕದಿಂದಲೂ ಪಠ್ಯಪುಸ್ತಕದಲ್ಲಿದೆ. ಆದರೂ ಒಪ್ಪಿಕೊಳ್ಳಲಿಕ್ಕೆ ಹನ್ನೆರಡು ವರ್ಷ ಬೇಕಾಯಿತು. ಆ ಹನ್ನೆರಡು ವರ್ಷಗಳ ಮಧ್ಯೆ ಕೊರೊನಾ ಬಂದು ಹೋಯಿತು, ಸುಳ್ಯ, ಬೆಳ್ತಂಗಡಿ ಕಡೆಯ ಮಕ್ಕಳು ಆನ್‌ಲೈನ್ ಪಾಠಕ್ಕೆ ಸಿಗ್ನಲ್ ಹುಡುಕಿ ಗುಡ್ಡ ಹತ್ತಿ ಕೊಡೆಯಡಿ ಕೂತರು.

ಬಿಎಸ್‌ಎನ್‌ಎಲ್ ಕಾದದ್ದು, ಕಾಯಿಸಿದ್ದು

ಮೊಬೈಲ್ ವಿಷಯಕ್ಕೂ ಇದೇ ಮಾತು. ಜಿಯೋ 4ಜಿ ಬಂದದ್ದು 2016ರ ಸೆಪ್ಟೆಂಬರಿನಲ್ಲಿ. ಬಿಎಸ್‌ಎನ್‌ಎಲ್‌ನ 4ಜಿ ಟೆಂಡರ್ 2020ರಲ್ಲಿ, ಗಡಿ ಸಂಘರ್ಷದ ನಂತರ, ಚೀನಾ ಉಪಕರಣದ ಪ್ರಶ್ನೆ ಮತ್ತು ದೇಶೀ ತಯಾರಕರ ಒತ್ತಾಯದ ನಡುವೆ ರದ್ದಾಯಿತು. ಕೊನೆಗೆ ಟಿಸಿಎಸ್, ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್, ಅದೇ ಹಳೆಯ ಸಿ-ಡಾಟ್, ಈ ಮೂವರು ಸೇರಿ ದೇಶೀ 4ಜಿ ಕಟ್ಟಿದರು. 2025ರ ಸೆಪ್ಟೆಂಬರ್ 27ರಂದು ಪ್ರಧಾನಿ ಅದನ್ನು ಉದ್ಘಾಟಿಸಿದರು. ಒಂಬತ್ತು ವರ್ಷ ತಡ.

ಈ ವಿಷಯದಲ್ಲಿ ನನ್ನ ಅಭಿಪ್ರಾಯ ಎರಡೂ ಕಡೆಯವರಿಗೆ ಹಿಡಿಸಲಿಕ್ಕಿಲ್ಲ. ಸ್ವಂತ ಉಪಕರಣ ಬೇಕು ಅನ್ನುವುದನ್ನು ನಾನು ಒಪ್ಪುತ್ತೇನೆ. ಕೆಟ್ಟರೆ ಬೆಂಗಳೂರಿಗೆ ಫೋನ್ ಮಾಡಿದರೆ ಸಾಕು, ಕೋಡ್ ಬರೆದವರೇ ಸಿಗುತ್ತಾರೆ ಅನ್ನುವುದು ಸಣ್ಣ ಲಾಭವಲ್ಲ. ಆದರೆ ಆ ತಡದ ಬೆಲೆ ಕೊಟ್ಟವರು ದೆಹಲಿಯಲ್ಲಿ ಇರಲಿಲ್ಲ. ಖಾಸಗಿ ಕಂಪನಿಗಳಿಗೆ ಲಾಭ ಕಾಣದ, ಬಿಎಸ್‌ಎನ್‌ಎಲ್ ಟವರ್ ಒಂದೇ ಇರುವ ಮಲೆನಾಡಿನ, ಘಾಟಿ ಬುಡದ ಊರುಗಳವರು ಕೊಟ್ಟರು. ಮುಂದಿನ ಸಲ ಯಾರಾದರೂ ಸ್ವದೇಶಿಗೆ ಕಾಯೋಣ ಅಂದರೆ, ಕಾಯುವವರೆಗೆ ಆ ಊರುಗಳಿಗೆ ಏನು ವ್ಯವಸ್ಥೆ ಅಂತ ಅದೇ ಕಡತದಲ್ಲಿ ಬರೆದಿರಬೇಕು.

ಈಗ ಕೊಳ್ಳುವವರಿಗೆ

ಇಷ್ಟೆಲ್ಲ ಹಳೆಯ ಕಥೆ ಯಾಕೆ ಅಂದರೆ, ಇಂಥದ್ದೇ ಇನ್ನೊಂದು ನಿರ್ಧಾರ ಈಗ ನಮ್ಮ ಊರುಗಳಲ್ಲೇ ನಡೆಯುತ್ತಿದೆ. 2022ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳನ್ನು ಕಂಪ್ಯೂಟರೀಕರಣ ಮಾಡುವ ಯೋಜನೆ ಒಪ್ಪಿತು, 2,516 ಕೋಟಿ ರೂಪಾಯಿಯದ್ದು. ಒಂದೇ ರಾಷ್ಟ್ರೀಯ ಸಾಫ್ಟ್‌ವೇರ್, ನಬಾರ್ಡ್ ಉಸ್ತುವಾರಿ. ಮೊಳಹಳ್ಳಿ ಶಿವರಾಯರ ಕಾಲದಿಂದ ಸಹಕಾರಿ ಚಳವಳಿ ಬೇರುಬಿಟ್ಟ ಜಿಲ್ಲೆ ನಮ್ಮದು. ಇಲ್ಲಿಯ ಹಲವು ಸಂಘಗಳಲ್ಲಿ ಮೊದಲೇ ಕಂಪ್ಯೂಟರ್ ಇದೆ, ಸ್ಥಳೀಯರು ಬರೆದುಕೊಟ್ಟ ಸಾಫ್ಟ್‌ವೇರ್ ಇದೆ, ಸದಸ್ಯರ ದಶಕಗಳ ಲೆಕ್ಕ ಅದರೊಳಗೆ ಇದೆ.

ಆ ಸಂಘಗಳ ಕಾರ್ಯದರ್ಶಿಗಳು, ನಿರ್ದೇಶಕರು ಇದನ್ನು ಕೇಳುತ್ತಿದ್ದರೆ, ಕಂಪನಿ ಹೆಸರು ನಾನು ಹೇಳುವುದಿಲ್ಲ. ಹೆಸರುಗಳು ಉಳಿಯುವುದೂ ಇಲ್ಲ. ಒಂದು ಕಾಲದಲ್ಲಿ ನಾರ್ಟೆಲ್ ಉಪಕರಣ ಹಾಕಿದವರು ಸುರಕ್ಷಿತರು ಅಂತಿದ್ದರು, 2009ರ ಜನವರಿಯಲ್ಲಿ ಆ ಕಂಪನಿ ದಿವಾಳಿ ಅರ್ಜಿ ಹಾಕಿತು. ನಾನು ಶುರುವಿನಲ್ಲಿ ಹೇಳಿದ ಜುನಿಪರ್ ಇದೆಯಲ್ಲ, ಅದನ್ನು 2025ರ ಜುಲೈಯಲ್ಲಿ ಎಚ್‌ಪಿಇ ಕೊಂಡು ಮುಗಿಸಿತು. ಅದಕ್ಕೇ ಹೆಸರಿನ ಬದಲು ಕೆಲವು ಪ್ರಶ್ನೆ ಹೇಳ್ತೇನೆ, ಸಭೆಯ ನಡಾವಳಿ ಪುಸ್ತಕದಲ್ಲಿ ಬರೆದುಕೊಳ್ಳಿ.

ನಮ್ಮ ಲೆಕ್ಕವನ್ನು ಪೂರ್ತಿಯಾಗಿ, ಇನ್ನೊಂದು ಸಾಫ್ಟ್‌ವೇರ್ ಓದುವ ರೂಪದಲ್ಲಿ, ಯಾವ ದಿನ ಕೇಳಿದರೂ ಹೊರಗೆ ತೆಗೆದುಕೊಡುತ್ತೀರಾ? ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಒಮ್ಮೆ ತೆಗೆಸಿ ನೋಡಿ. ಲೈನ್ ಹೋದಾಗ ಕೌಂಟರಿನಲ್ಲಿ ಏನೇನು ಕೆಲಸ ನಡೆಯುತ್ತೆ, ಲೈನ್ ಬಂದ ಮೇಲೆ ಅದು ಹೇಗೆ ಸೇರಿಕೊಳ್ಳುತ್ತೆ? ನಿಮ್ಮ ರಿಪೇರಿ ಮನುಷ್ಯ ಎಲ್ಲಿ ಇರುತ್ತಾನೆ, ಬೆಳ್ತಂಗಡಿಯಲ್ಲಾ, ಮಂಗಳೂರಲ್ಲಾ, ಘಾಟಿಯ ಆಚೆಯಾ? ಬದಲಿ ರೌಟರ್ ಒಂದನ್ನು ನಮ್ಮ ಕಪಾಟಿನಲ್ಲೇ ಇಡುತ್ತೀರಾ? ಐದನೇ ವರ್ಷದ ಲೈಸೆನ್ಸ್ ಬೆಲೆ ಎಷ್ಟು, ಇವತ್ತೇ ಬರೆದುಕೊಡುತ್ತೀರಾ? ಮೊದಲ ವರ್ಷ ಅರ್ಧ ಬೆಲೆಗೆ ಕೊಟ್ಟು ಆಮೇಲೆ ಎಳೆಯುವುದು ಈ ವ್ಯಾಪಾರದ ಹಳೆಯ ಪದ್ಧತಿ.

ಇದರಲ್ಲಿ ಒಂದಕ್ಕೂ ಎಂಜಿನಿಯರಿಂಗ್ ಓದಿರಬೇಕಿಲ್ಲ. ಕಿತ್ತೂರಿಗೆ ಪೆಟ್ಟಿಗೆ ಕಟ್ಟಿದವರು ಮೊದಲು ಕಿತ್ತೂರಿನ ಸೆಕೆ, ಧೂಳು, ಕರೆಂಟು ಏನು ಅಂತ ಯೋಚಿಸಿದ ಹಾಗೆ, ನೀವು ನಿಮ್ಮ ಊರಿನ ಮಳೆ ಏನು, ರಸ್ತೆ ಏನು ಅಂತ ಯೋಚಿಸಿದರೆ ಸಾಕು. ಮಾರಲಿಕ್ಕೆ ಬಂದವರಿಗೆ ಅವರ ಡಬ್ಬ ಚೆನ್ನಾಗಿ ಗೊತ್ತು. ಚಾರ್ಮಾಡಿ ಗೊತ್ತಿರುವುದು ನಿಮಗೆ.

ಮುಂದಿನ ಸಂಚಿಕೆಯಲ್ಲಿ ಲೈಸೆನ್ಸ್ ಪತ್ರವನ್ನು ಓದುವುದು ಹೇಗೆ ಅಂತ ಮಾತಾಡೋಣ. ನಿಮ್ಮ ಸಂಘದಲ್ಲಿ, ಶಾಲೆಯಲ್ಲಿ, ಆಸ್ಪತ್ರೆಯಲ್ಲಿ ಇಂಥ ಒಪ್ಪಂದ ಸಹಿಗೆ ಬಂದಿದ್ದರೆ ಪ್ರಶ್ನೆ ಕಳಿಸಿ. ಕಂಪನಿಯ ಹೆಸರು ಬೇಡ, ಷರತ್ತು ಮಾತ್ರ ಸಾಕು.